ಉಸುಕಿಗೆ ಇಳಿದ ಗಾಲಿ

ಬನಹಟ್ಟಿಯ ಗುರುಸಿದ್ದ ಮಗ್ಗದ ಸಾಮಾನಿನ ಅಂಗಡಿ ಇಟ್ಟವನು. ಲಾಳಿ, ಬಾಬಿನ್, ಬೆಲ್ಟು, ಹಲ್ಲಿನ ಚಕ್ರ, ಹೀಗೆ ಪಾವರ್‌ಲೂಮಿನ ಯಾವ ಭಾಗ ಮುರಿದರೂ ಊರವರು ಮೊದಲು ಅವನ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದರು. ಆದರೆ ಆ ವರ್ಷದ ಡಿಸೆಂಬರಿನಲ್ಲಿ ಅವನಿಗೆ ಗಿರಾಕಿಗಳ ಮೇಲೆ ಲಕ್ಷ್ಯವೇ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು ದೇವರಿಗೆ ಊದಿನಕಡ್ಡಿ ಹಚ್ಚಿದವನೇ ಫೋನು ಹಿಡಿದು ಕೂಡುತ್ತಿದ್ದ. ಫೋನು ಹಚ್ಚುತ್ತಿದ್ದುದು ಸಮುದ್ರದ ದಂಡೆಯ ಲಾಡ್ಜುಗಳಿಗೆ.

"ನಿಮ್ಮ ಬಚ್ಚಲದ ಬಾಗಿಲ ಎಷ್ಟ ಅಗಲ ಐತ್ರಿ?"

"ಬಾತ್‌ರೂಮ್ ರೂಮಿನೊಳಗೇ ಇದೆ ಸರ್. ಬಿಸಿನೀರು ಇಪ್ಪತ್ನಾಲ್ಕು ತಾಸೂ ಬರ್ತದೆ."

"ನೀರ ಅಲ್ರಿ, ಬಾಗಿಲ. ಬಾಗಿಲ ಎಷ್ಟ ಅಗಲ ಅಂತ ಕೇಳಾಕತ್ತೇನಿ."

"ಎಲ್ಲರೂ ಹೋಗ್ತಾರೆ ಸರ್. ದಪ್ಪ ಇದ್ದೋರೂ ಹೋಗ್ತಾರೆ."

ಗುರುಸಿದ್ದ ಫೋನು ಇಟ್ಟು ಹಣೆ ಒರೆಸಿಕೊಳ್ಳುತ್ತಿದ್ದ. ಬಗಲಲ್ಲಿದ್ದ ಟೇಪನ್ನು ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ಮನೆಯ ಗಾಲಿಕುರ್ಚಿಯ ಅಗಲ ಅವನಿಗೆ ಬಾಯಿಪಾಠವಾಗಿತ್ತು. ಆದರೂ ಊಟಕ್ಕೆ ಹೋದಾಗೆಲ್ಲ ಇನ್ನೊಮ್ಮೆ ಅಳೆಯುತ್ತಿದ್ದ. ಅದೇನು ರಾತ್ರೋರಾತ್ರಿ ಬೆಳೆಯುವ ವಸ್ತುವೇ? ಅಳೆದರೆ ಅವನಿಗೆ ಗಳಿಗೆಹೊತ್ತು ಸಮಾಧಾನ, ಅಷ್ಟೆ.

ಕುರ್ಚಿ ಅವನ ಹೆಂಡತಿ ಮಾದೇವಿಯದು. ಆಕೆ ಊರಿನ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಕೆಲ ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಶಾವಿಗೆ ಒಣಹಾಕಲು ಹೋದವಳು ಏಣಿ ಜಾರಿ ಕೆಳಗೆ ಬಿದ್ದಳು. ಮಿರಜಿನಲ್ಲಿ ಬೆನ್ನಿಗೆ ಆಪರೇಶನ್ ಆಯಿತು, ಜೀವ ಉಳಿಯಿತು. ಸೊಂಟದ ಕೆಳಗಿನ ಅರಿವು ಮಾತ್ರ ಹೋದದ್ದು ಮರಳಲಿಲ್ಲ. ವರ್ಷಕ್ಕೂ ಹೆಚ್ಚು ಕಾಲ ಹಾಸಿಗೆ ಹಿಡಿದಿದ್ದ ಮಾದೇವಿ ಒಂದು ದಿನ, "ನನ್ನ ಸಾಲಿಗೆ ಕರ್ಕೊಂಡು ಹೋಗ್ರಿ, ಇಲ್ಲಿ ಜಂತಿ ಎಣಿಸಿ ಎಣಿಸಿ ಸಾಕಾತು" ಎಂದಳು. ಮಕ್ಕಳ ತಂದೆತಾಯಿಗಳೇ ಸೇರಿ ಶಾಲೆಯ ಮೆಟ್ಟಿಲ ಪಕ್ಕ ಸಿಮೆಂಟಿನ ಇಳಿಜಾರು ಮಾಡಿಕೊಟ್ಟರು. ಅಂದಿನಿಂದ ಮಾದೇವಿ ಅಕ್ಕೋರು ದಿನವೂ ಶಾಲೆಗೆ ಹೋಗುತ್ತಿದ್ದಾರೆ. ಬಿಟ್ಟು ಬರುವವನೂ ಕರೆದು ತರುವವನೂ ಗುರುಸಿದ್ದನೇ. ಸ್ನಾನ ಮಾಡಿಸುವುದು, ಮೂತ್ರದ ಚೀಲ ಬದಲಿಸುವುದು, ಕೂತು ಕೂತು ಹುಣ್ಣಾಗಿದೆಯೋ ಎಂದು ಮೈ ನೋಡುವುದು, ಎಲ್ಲವನ್ನೂ ಅವನೇ ಕಲಿತಿದ್ದ. ಬೇರೆಯವರ ಕೈಗೆ ಕೊಟ್ಟವನಲ್ಲ.

ಸಮುದ್ರದ ಮಾತು ಬಂದದ್ದು ಒಂದು ರವಿವಾರ, ಊಟದ ಹೊತ್ತಿಗೆ.

"ಈ ಸಲ ಸಂಕ್ರಾಂತಿಗೆ ಸಮುದ್ರಕ್ಕ ಹೋಗೂಣು" ಎಂದಳು ಮಾದೇವಿ, ಉಪ್ಪಿನಕಾಯಿ ಈ ಕಡೆ ಸರಿಸಿ ಎಂದಷ್ಟೇ ಸಲೀಸಾಗಿ.

ಗುರುಸಿದ್ದ ಬಾಯಲ್ಲಿದ್ದ ತುತ್ತು ನುಂಗಿ "ಹೂಂ" ಎಂದ. ಏನು ಕೇಳಿದಳೆಂದು ತಲೆಗೆ ಹೋಗುವ ಮೊದಲೇ ಹೊರಟ ಹೂಂ ಅದು.

ಗೋಡೆಗೆ ಒರಗಿ ಕೂತಿದ್ದ ಅವನ ತಾಯಿ ಮುದಕವ್ವನಿಗೆ ಮಾತ್ರ ಕೂಡಲೇ ತಲೆಗೆ ಹೋಯಿತು. "ಸಂಕ್ರಾಂತಿಗೆ ಮಂದಿ ಹೊಳಿಗೆ ಹೋಗ್ತಾರ, ಸಮುದ್ರಕ್ಕಲ್ಲ. ನೀರು ನೋಡಬೇಕಂದ್ರ ನಮ್ಮ ಕೃಷ್ಣಿ ಎಲ್ಲಿ ಹೋಗ್ಯಾಳ?"

"ಕೃಷ್ಣಿಗೆ ಆ ಕಡಿ ದಂಡಿ ಕಾಣ್ತೈತ್ರಿ ಅತ್ತಿ" ಎಂದಳು ಮಾದೇವಿ. "ನನಗ ಆ ಕಡಿ ದಂಡಿ ಕಾಣದಂಥಾ ನೀರು ನೋಡಬೇಕಾಗೈತಿ."

ವರ್ಷವರ್ಷವೂ ಶಾಲೆಯ ಮಕ್ಕಳ ಪ್ರವಾಸ ಆ ಕಡೆ ಹೋಗುವಾಗ ಮನೆಯಲ್ಲಿ ಏನಾದರೊಂದು ಅಡಚಣೆ ಬಂದು ಆಕೆ ಹಿಂದುಳಿಯುತ್ತಿದ್ದಳು. ಒಮ್ಮೆ ಬಾಣಂತನ, ಒಮ್ಮೆ ಮಾವನ ಕಾಯಿಲೆ. ಈಗ ಅಡಚಣೆಯೇ ಮೈಗೆ ಅಂಟಿಕೊಂಡಿರುವಾಗ ಹೋಗುತ್ತೇನೆ ಎನ್ನುತ್ತಿದ್ದಾಳೆ. ಬೇಡ ಎನ್ನಲು ಗುರುಸಿದ್ದನಿಗೆ ನಾಲಿಗೆ ಏಳಲಿಲ್ಲ. ಹೋಗೋಣ ಎನ್ನಲು ಎದೆ ಒಪ್ಪಲಿಲ್ಲ.

ಅವನ ಅಂಜಿಕೆಗೆ ಕಾರಣಗಳಿದ್ದವು. ಮುಧೋಳದಲ್ಲಿ ಒಂದು ಮದುವೆಗೆ ಹೋದಾಗ ಮಂಗಲ ಕಾರ್ಯಾಲಯದ ಮೆಟ್ಟಿಲ ಬುಡದಲ್ಲಿ ಅವರು ನಿಂತಿದ್ದರು. ನಾಲ್ಕು ಮಂದಿ ಗಂಡಸರು ಎಲ್ಲಿಂದಲೋ ಬಂದು, "ಹಿಡಿ ಹಿಡಿ" ಎನ್ನುತ್ತ, ಕುರ್ಚಿಯನ್ನು ಮಾದೇವಿಯ ಸಮೇತ ಎತ್ತಿಬಿಟ್ಟರು. ಒಬ್ಬನ ಕೈ ಜಾರಿ ಕುರ್ಚಿ ವಾಲಿತು. ಆಕೆಯ ಸೀರೆ ಮೊಣಕಾಲ ಮೇಲೆ ಸರಿಯಿತು. ಯಾರೋ ನಕ್ಕರು. ಮಾದೇವಿ ಅಂದು ಅಕ್ಷತೆ ಹಾಕಿ ಊಟ ಮಾಡಿಯೇ ಬಂದಳು. ಆದರೆ ಆಮೇಲೆ ಯಾವ ಮದುವೆಗೂ ಹೋಗಲಿಲ್ಲ. ಇನ್ನೊಮ್ಮೆ ಮಿರಜಿಗೆ ತಪಾಸಣೆಗೆ ಹೋಗಿ ಬಂದಾಗ ಗಾಡಿಯಲ್ಲಿ ಬಹಳ ಹೊತ್ತು ಒಂದೇ ಕಡೆ ಕೂತು ಎದ್ದ ಹುಣ್ಣು ಮಾಯಲು ಮಳೆಗಾಲವೆಲ್ಲ ಹಿಡಿಯಿತು. ಮಿರಜು ಎಷ್ಟು ದೂರ, ಸಮುದ್ರ ಎಷ್ಟು ದೂರ! ಮೇಲಾಗಿ ಕಬ್ಬಿನ ಸುಗ್ಗಿ. ಮುಧೋಳದ ರಸ್ತೆಯ ತುಂಬ ಜೋಡಿ ಟ್ರೇಲರ್ ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಮೈಮೇಲೆ ಬರುವಂತೆ ವಾಲಿದ ಕಬ್ಬು.

ವಿಜಯಪುರದ ಹಾಸ್ಟೆಲಿನಲ್ಲಿ ಓದುವ ಮಗಳು ಪ್ರೀತಿ ಅಲ್ಲಿ ಇಲ್ಲಿ ಹುಡುಕಿ ಕುಮಟಾದ ಆಚೆಯ ಒಂದು ಸಣ್ಣ ಲಾಡ್ಜಿನ ನಂಬರು ಕಳಿಸಿದಳು. ನಡೆಸುವವಳು ಒಬ್ಬ ಹೆಂಗಸು. ಕೋಣೆಗಳೆಲ್ಲ ನೆಲಮಟ್ಟದಲ್ಲೇ ಇದ್ದವು. ಬಾಗಿಲ ಅಗಲ ಕೇಳಿದಾಗ ಆಕೆ ನಗದೆ, "ಅಳೆದು ಹೇಳ್ತೇನೆ, ಒಂದು ನಿಮಿಷ ಇರಿ" ಎಂದಳು. ಅಳೆದು ಹೇಳಿಯೂ ಹೇಳಿದಳು. ಕುರ್ಚಿ ಹಿಡಿಯುತ್ತಿತ್ತು, ಅತ್ತ ಇತ್ತ ಒಂದೊಂದು ಬೆರಳು ಜಾಗ ಬಿಟ್ಟು. ಗುರುಸಿದ್ದ ಕೋಣೆ ಹಿಡಿದಿರಿಸಿದ. ಹಿಡಿದಿರಿಸಿದ ಮೇಲೆ ಅವನಿಗೆ ಇನ್ನೊಂದು ಚಿಂತೆ ಶುರುವಾಯಿತು. ಬಾಗಿಲೇನೋ ಆಯಿತು, ಉಸುಕು? ಸಮುದ್ರದ ಮುಂದೆ ಉಸುಕು ಇದ್ದೇ ಇರುತ್ತದೆ. ಅದರ ಮೇಲೆ ಗಾಲಿ ಉರುಳುತ್ತದೋ ಇಲ್ಲವೋ?

"ಅಷ್ಟ್ಯಾಕ ಹೆದರ್ತೀಯಲೇ, ಹೊಳಿ ದಂಡಿಗೆ ಒಯ್ದು ಒಮ್ಮೆ ನೋಡೂಣಲ್ಲ" ಎಂದ ಅಮಸಿದ್ದಪ್ಪ. ಅವನು ಗುರುಸಿದ್ದನ ಬಾಲ್ಯದ ಗೆಳೆಯ. ಒಂದು ಕ್ರೂಸರ್ ಗಾಡಿ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಿದ್ದ. ಸಮುದ್ರಕ್ಕೆ ಕರೆದೊಯ್ಯುವವನೂ ಅವನೇ ಎಂದು ಮಾತಾಗಿತ್ತು.

ಹಾಗೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಮೂವರೂ ಕೃಷ್ಣೆಯ ದಂಡೆಗೆ ಹೋದರು. ನೀರು ಇಳಿದು ಉಸುಕು ತೆರೆದುಕೊಂಡಿತ್ತು. ಗಾಡಿಯಿಂದ ಮಾದೇವಿಯನ್ನು ಕುರ್ಚಿಗೆ ಇಳಿಸಿ ಗುರುಸಿದ್ದ ಹಿಂದಿನಿಂದ ದಬ್ಬಿದ. ಗಟ್ಟಿ ನೆಲ ಇರುವತನಕ ಕುರ್ಚಿ ಚೆನ್ನಾಗಿಯೇ ಹೋಯಿತು. ಉಸುಕಿಗೆ ಇಳಿದದ್ದೇ ತಡ, ಮುಂದಿನ ಎರಡು ಸಣ್ಣ ಗಾಲಿಗಳು ನೇಗಿಲ ಕುಳದಂತೆ ಕಚ್ಚಿಕೊಂಡವು. ಗುರುಸಿದ್ದ ಇನ್ನಷ್ಟು ದಬ್ಬಿದ. ಕುರ್ಚಿ ಮುಂದಕ್ಕೆ ಮುಗ್ಗರಿಸಿತು. ಮಾದೇವಿ ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡಳು. ಅವನು ಓಡಿ ಮುಂದೆ ಬಂದು ಆಕೆಯ ಎದೆಗೆ ಎದೆ ಕೊಟ್ಟು ತಡೆದು ನಿಂತ.

"ಅಮಸಿದ್ದಾ, ಹಿಡಿಯೋ! ಹಿಂದಿಂದ ಹಿಡಿ!"

ಅಮಸಿದ್ದಪ್ಪನೊಬ್ಬನಿಂದ ಆಗಲಿಲ್ಲ. ಎಮ್ಮೆ ಮೈ ತೊಳೆಯುತ್ತಿದ್ದವರು, ಮೀನು ಹಿಡಿಯುತ್ತಿದ್ದವರು ಓಡಿ ಬಂದರು. ಒಬ್ಬ ಕುರ್ಚಿ ಹಿಡಿದ, ಒಬ್ಬ ಮಾದೇವಿಯ ರಟ್ಟೆಯನ್ನೇ ಹಿಡಿದ. "ಹೊಳಿಗೆ ಏನರ ಹರಕಿ ಇತ್ತೇನ್ರಿ?" ಎಂದು ಒಬ್ಬ ಮುದುಕ ಕನಿಕರದಿಂದ ಕೇಳಿದ. ಮೀಸೆ ಹೊತ್ತ ಒಬ್ಬ ಗಂಡಸು ಫೋನು ತೆಗೆದು ವೀಡಿಯೊ ಮಾಡತೊಡಗಿದ.

ಮಾದೇವಿ ಆ ಗಂಡಸನ್ನು ದಿಟ್ಟಿಸಿ, "ನೀ ಯಾವ ಸಾಲ್ಯಾಗ ಕಲ್ತಾವಪಾ?" ಎಂದಳು. ತರಗತಿಯಲ್ಲಿ ಕೊನೆಯ ಸಾಲಿನವರಿಗೆ ಕೇಳಿಸುವ ದನಿ ಅದು. ಅವನು ಫೋನು ಕಿಸೆಗೆ ಹಾಕಿಕೊಂಡು ಕುರ್ಚಿಗೆ ಕೈ ಕೊಟ್ಟ.

ಗಾಡಿಯಲ್ಲಿ ಮರಳುವಾಗ ಮಾದೇವಿ ಸೆರಗಿನ ಉಸುಕು ಜಾಡಿಸುತ್ತ, "ಮುಂದಿನ ಗಾಲಿ ಎತ್ತಿ, ಹಿಂದಿನ ಗಾಲಿ ಮ್ಯಾಲೆ ಜಗ್ಗಬೇಕಾಗಿತ್ತು. ದಬ್ಬಿದ್ದ ತಪ್ಪಾತು" ಎಂದಳು. ಗುರುಸಿದ್ದನ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ನದಿಯ ದಂಡೆಯಲ್ಲೇ ಹೀಗಾದರೆ, ಗುರುತು ಪರಿಚಯ ಇಲ್ಲದ ಊರಲ್ಲಿ, ತೆರೆ ಮೇಲೆ ಬರುವ ಜಾಗದಲ್ಲಿ?

ಮರುದಿನ ಅಂಗಡಿಯಿಂದಲೇ ಅವನು ಲಾಡ್ಜಿನಾಕೆಗೆ ಫೋನು ಹಚ್ಚಿದ. ಮನೆಯವರಿಗೆ ಆರಾಮಿಲ್ಲ, ಬರುವುದಿಲ್ಲ ಎಂದ. ಸಂಜೆ ಮನೆಯಲ್ಲಿ ಹೇಳಿದ್ದು ಬೇರೆ.

"ಆ ಲಾಡ್ಜಿನಾಗ ರೂಮ್ ಖಾಲಿ ಇಲ್ಲಂತ ಮಾದೇವಿ. ಯಾವುದೋ ಮದುವಿ ಮಂದಿ ಎಲ್ಲಾ ಹಿಡದಾರಂತ."

ಮಾದೇವಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. "ಹೌದಾ" ಎಂದಳು, ತಲೆ ಎತ್ತಲಿಲ್ಲ. ಗುರುಸಿದ್ದನಿಗೆ ಎದೆಯ ಮೇಲಿನ ಬೀಸುವ ಕಲ್ಲು ಇಳಿಸಿದಂತಾಯಿತು. ಆದರೆ ಆ ಹಗುರ ಬಹಳ ಕಾಲ ಬಾಳಲಿಲ್ಲ. ಆ 'ಹೌದಾ' ಎಷ್ಟು ಸಣ್ಣದಾಗಿತ್ತೆಂದು ಯೋಚಿಸಿದಷ್ಟೂ ಅವನಿಗೆ ಅನ್ನ ಸೇರದಾಯಿತು.

ವಾರ ಕಳೆಯುವುದರೊಳಗೆ ಒಂದು ಸಂಜೆ ಅವನು ಅಂಗಡಿಯಿಂದ ಮನೆಗೆ ಬಂದಾಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಎಂದಿನಂತಿರಲಿಲ್ಲ. ಕುರ್ಚಿಗೆ ಸರಿಯಾಗಿ ತಗ್ಗಿಸಿ ಮಾಡಿಸಿದ ಅಡುಗೆಕಟ್ಟೆಯ ಮೇಲೆ ಮಾದೇವಿ ಹಿಟ್ಟನ್ನು ಹೊಡೆಯುತ್ತಿದ್ದಳು. ಮುದಕವ್ವ ಮಗನಿಗೆ ಕಣ್ಣಲ್ಲೇ ಎಚ್ಚರಿಕೆ ಕೊಟ್ಟು ಹೊರಗಿನ ಕಟ್ಟೆಗೆ ಹೋಗಿ ಕೂತಳು.

"ಲಾಡ್ಜಿಗೆ ಫೋನ್ ಹಚ್ಚಿದ್ದೆ" ಎಂದಳು ಮಾದೇವಿ. "ಸಂಕ್ರಾಂತಿ ಮುಗದ ಮ್ಯಾಲರ ರೂಮ್ ಸಿಗ್ತಾವೇನು ಅಂತ ಕೇಳಾಕ. ಆಕಿ ಏನಂದ್ಲು ಗೊತ್ತೈತೇನ್ರಿ? ನಿಮಗೆ ಈಗ ಹುಷಾರಾಯ್ತಾ ಅಕ್ಕಾ ಅಂದ್ಲು."

ಗುರುಸಿದ್ದ ಚಪ್ಪಲಿ ಬಿಟ್ಟಲ್ಲೇ ನಿಂತ.

"ನನಗೇನಾಗಿತ್ರಿ?"

"ಮಾದೇವಿ, ಹೊಳಿ ದಂಡ್ಯಾಗ ನೋಡಿದಿಲ್ಲ..."

"ನೋಡಿದೆ. ಗಾಲಿ ಸಿಕ್ಕೊಂಡ್ತು. ಮಂದಿ ಬಂದ್ರು, ಎತ್ತಿದ್ರು, ಮನಿಗೆ ಬಂದು ಚಹಾ ಕುಡದ್ವಿ. ಮತ್ತೇನಾತು?"

"ಬಿದ್ದಿದ್ರ?"

"ಬಿದ್ದರ ಎಬ್ಬಸ್ರಿ."

"ನನ್ನ ಕಡೆ ಎಬ್ಬಸಾಕ ಆಗದಿದ್ರ?"

"ಬಾಜು ನಿಂತಾವರನ್ನ ಕರೀರಿ."

"ಅವರು ನಿನ್ನ ಹ್ಯಾಂಗ್ ಬೇಕಾದಂಗ ಹಿಡದು..." ಮುಧೋಳದ ಆ ಮೆಟ್ಟಿಲು ಗುರುಸಿದ್ದನ ಕಣ್ಣಮುಂದೆ ಬಂದಿತ್ತು. ಅದು ಆಕೆಗೂ ತಿಳಿಯಿತು. ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಮಾದೇವಿ ಕುರ್ಚಿ ತಿರುಗಿಸಿದಳು.

"ಮುಧೋಳದಾಗ ನನಗ ನಾಚಿಕಿ ಆಗಿದ್ದು ಎತ್ತಿದ್ದಕ್ಕಲ್ರಿ. ನನ್ನ ಕೇಳದ ಎತ್ತಿದ್ದಕ್ಕ. ಕೇಳಿದ್ರ ನಾನ ಹೇಳ್ತಿದ್ದೆ, ಎಲ್ಲಿ ಹಿಡೀಬೇಕು, ಎಲ್ಲಿ ಹಿಡೀಬಾರದು ಅಂತ. ನೀವೂ ಈಗ ಹಂಗ ಮಾಡಿದ್ರಿ. ನನ್ನ ಕೇಳದ ಎತ್ತಿ ಮನಿಯಾಗ ಇಟ್ಟಬಿಟ್ರಿ."

ಹೆಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು.

"ಬಿದ್ದಾಕಿ ನಾನು" ಎಂದಳು ಮಾದೇವಿ, ದನಿ ಇಳಿಸಿ. "ಇನ್ನೂ ಎದ್ದಿಲ್ಲದಾವ್ರು ನೀವು."

ಗುರುಸಿದ್ದ ಹೆಂಚಿನ ಹತ್ತಿರ ಹೋಗಿ ಸೀದ ರೊಟ್ಟಿಯನ್ನು ಬರಿಗೈಯಿಂದ ತೆಗೆದ. ಬೆರಳು ಸುಟ್ಟಿತು. ಸುಟ್ಟದ್ದೇ ಒಳ್ಳೆಯದಾಯಿತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಒಂದು ನೆಪ ಸಿಕ್ಕಿತು.

ಅಂದಿನಿಂದ ಪ್ರವಾಸದ ತಯಾರಿ ಮಾದೇವಿಯ ಕೈಗೆ ಹೋಯಿತು. ಕೋಣೆ ಮತ್ತೆ ಹಿಡಿದಿರಿಸಿ, ಲಾಡ್ಜಿನಾಕೆಗೆ ವೀಡಿಯೊ ಕಾಲ್ ಮಾಡಿ, "ಗೇಟಿನಿಂದ ಸುರು ಮಾಡ್ರಿ ತಂಗಿ, ಸಾವಕಾಶ ನಡೀರಿ, ಫೋನ್ ಕೆಳಗ ಹಿಡೀರಿ, ನನಗ ನೆಲ ತೋರಿಸ್ರಿ" ಎಂದಳು. ಗೇಟಿನಿಂದ ಅಂಗಳ, ಅಂಗಳದಿಂದ ಕೋಣೆ, ಕೋಣೆಯಿಂದ ಬಚ್ಚಲು, ಎಲ್ಲ ಕಂಡಿತು. ಬಚ್ಚಲಿಗೆ ಒಂದು ಹೊಸ್ತಿಲು ಇತ್ತು. ಅಗಲ ಕೇಳಿದ್ದ ಗುರುಸಿದ್ದ ಎತ್ತರ ಕೇಳಿರಲಿಲ್ಲ! ಅವನ ಜೀವ ಹಾರಿತು. ಮಾದೇವಿ ಮಾತ್ರ, "ಅಂಗಡ್ಯಾಗ ಮಗ್ಗದ ಹಳೇ ಹಲಗಿ ಬಿದ್ದಾವಲ್ರಿ, ಒಂದು ಕೆತ್ತಿಸಿ ತರ್ರಿ" ಎಂದಳು. ಅವನು ಒಂದಲ್ಲ, ಎರಡು ಮಾಡಿಸಿದ. ಒಂದು ಮುರಿದರೆ ಇನ್ನೊಂದು ಇರಲಿ ಎಂದು. ಗಾಳಿ ತುಂಬುವ ದಿಂಬೂ ಎರಡು, ಮೂತ್ರದ ಚೀಲ ಬೇಕಾದ್ದಕ್ಕಿಂತ ಹೆಚ್ಚು. ಮುದಕವ್ವ ಇದನ್ನೆಲ್ಲ ನೋಡಿ, "ಮಗಳ ಬಾಣಂತನಕ್ಕೂ ಇಷ್ಟು ಸಾಮಾನು ಕಟ್ಟಿರಲಿಲ್ಲ ನಾನು" ಎಂದು ಗೊಣಗಿದಳು. ಗೊಣಗುತ್ತಲೇ ಸಜ್ಜಿಯ ರೊಟ್ಟಿ, ಶೇಂಗಾದ ಹೋಳಿಗೆ, ಗುರೆಳ್ಳ ಚಟ್ನಿ ಕಟ್ಟಿಕೊಟ್ಟಳು. "ನೀವೂ ಬರ್ರಿ ಅತ್ತಿ" ಎಂದರೆ, "ನನಗ ಈ ಕಡಿ ದಂಡಿ ಸಾಕು" ಎಂದಳು.

ಸಂಕ್ರಾಂತಿಯ ಮರುದಿನ ನಸುಕಿನಲ್ಲಿ ಹೊರಟರು. ಮಹಾಲಿಂಗಪುರ ದಾಟಿ ಮುಧೋಳದ ರಸ್ತೆ ಹಿಡಿದಾಗ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಎದುರಾಯಿತು. "ಸಾವಕಾಶ ಹೊಡಿಯಲೇ" ಎಂದು ಗುರುಸಿದ್ದ ಎಷ್ಟು ಸಲ ಹೇಳಿದನೆಂದರೆ, ಲೋಕಾಪುರದ ಹತ್ತಿರ ಅಮಸಿದ್ದಪ್ಪ ಗಾಡಿ ನಿಲ್ಲಿಸಿ, "ನೀನ ಹೊಡೀತಿಯೇನು?" ಎಂದು ಕೀಲಿ ಚಾಚಿದ. ಮಾದೇವಿ ಕಿಟಕಿಯ ಹೊರಗೆ ನೋಡಿ ನಕ್ಕಳು. ಆಗಾಗ ಆಕೆ ಎರಡೂ ಕೈ ಊರಿ ಮೈಯನ್ನು ಸೀಟಿನಿಂದ ಎತ್ತಿ ಹಿಡಿಯುತ್ತಿದ್ದಳು, ಹುಣ್ಣಾಗದಿರಲೆಂದು. ಮರೆತರೆ ಗುರುಸಿದ್ದ ನೆನಪಿಸುತ್ತಿದ್ದ. ಮರೆಯದಿದ್ದರೂ ನೆನಪಿಸುತ್ತಿದ್ದ. ಯಲ್ಲಾಪುರ ದಾಟಿ ಘಟ್ಟ ಇಳಿಯುವಾಗ ತಿರುವು ತಿರುವಿಗೂ ಆಕೆಯ ಹೆಗಲು ಹಿಡಿದು ಕೂತ.

ಲಾಡ್ಜು ತಲುಪಿದಾಗ ಹೊತ್ತು ಮುಳುಗಿತ್ತು. ಕುರ್ಚಿ ಬಚ್ಚಲ ಬಾಗಿಲಲ್ಲಿ ಹೋಯಿತು. ಹೋಗುವಾಗ ಗುರುಸಿದ್ದನ ಬೆರಳ ಗೆಣ್ಣು ಚೌಕಟ್ಟಿಗೆ ತರಚಿ ಚರ್ಮ ಕಿತ್ತಿತು. ಹಲಗೆ ಹೊಸ್ತಿಲ ಮೇಲೆ ಸರಿಯಾಗಿ ಕೂತಿತು. ಕಿಟಕಿಯಾಚೆ ಕತ್ತಲಲ್ಲಿ ಏನೋ ಒಂದೇ ಸಮ ಉಸಿರಾಡುವಂತೆ ಸಪ್ಪಳ. ಮಾದೇವಿ ಮಲಗಿ ಅದನ್ನೇ ಆಲಿಸುತ್ತಿದ್ದಳು. "ನಮ್ಮೂರಾಗ ಮಗ್ಗದ ಸಪ್ಪಳ ಇದ್ದಂಗ, ಇವರಿಗೆ ಇದು" ಎಂದಳು.

ಬೆಳಿಗ್ಗೆ ಬಿಸಿಲು ಏರುವ ಮೊದಲು ದಂಡೆಗೆ ಹೋದರು. ಸಿಮೆಂಟು ರಸ್ತೆ ಮುಗಿದಲ್ಲಿ ಒಣ ಉಸುಕು, ಅದರಾಚೆ ಇಳಿತದ ನೀರು ಬಿಟ್ಟುಹೋದ ಒದ್ದೆ ಉಸುಕು, ಕನ್ನಡಿಯಂತೆ ಹೊಳೆಯುತ್ತಿತ್ತು, ಅದರಾಚೆ ಸಮುದ್ರ. ಗುರುಸಿದ್ದ ಸಮುದ್ರವನ್ನು ನೋಡಲಿಲ್ಲ. ಅವನ ಕಣ್ಣೆಲ್ಲ ನಡುವಿನ ಆ ಒಣ ಉಸುಕಿನ ಮೇಲೆ. ಕುರ್ಚಿ ಜಗ್ಗಿದರೂ ಇದರಲ್ಲಿ ಹೂತು ಕೂಡುತ್ತದೆ, ದಬ್ಬಿದರೂ ಕೂಡುತ್ತದೆ.

"ಇಲ್ಲಿಂದನ ನೋಡೂಣು ಮಾದೇವಿ. ಛಲೋ ಕಾಣ್ತೈತಿ."

ಮಾದೇವಿ ಆಗಲೇ ಬಲೆ ಎಳೆದು ಮುಗಿಸಿ ಕೂತಿದ್ದ ಮೀನುಗಾರರನ್ನು ಕರೆಯುತ್ತಿದ್ದಳು. "ಅಣ್ಣಾರ, ಸ್ವಲ್ಪ ಇಲ್ಲಿ ಬರ್ತೀರೇನ್ರಿ? ನನ್ನ ಆ ಹಸಿ ಉಸುಕಿನತನಕ ಎತ್ತಿ ಇಡಬೇಕಾಗಿತ್ತು."

ಅವರು ನಾಲ್ವರು ಬಂದರು. ಒಬ್ಬ ಕೈ ಹಾಕಲು ಹೋದ.

"ನಿಲ್ರಿ. ತೋಳಿಗೆ ಹಿಡೀಬ್ಯಾಡ್ರಿ, ಅದು ಕಿತ್ತು ಬರ್ತೈತಿ. ಕೆಳಗ ಕಬ್ಬಿಣ ಐತಿ ನೋಡ್ರಿ, ಅಲ್ಲಿ ಹಿಡೀರಿ. ನನಗ ಹಿಡೀಬ್ಯಾಡ್ರಿ, ಕುರ್ಚಿ ಹಿಡೀರಿ. ನಾ ಮೂರು ಅಂದ ಮ್ಯಾಲ ಎಲ್ಲಾರೂ ಕೂಡೇ ಎತ್ರಿ."

ಸೆರಗನ್ನು ಬಿಗಿದು, ಸೀರೆಯ ನಿರಿಗೆಯನ್ನು ಕಾಲ ಕೆಳಗೆ ಸಿಕ್ಕಿಸಿಕೊಂಡು, ಮಾದೇವಿ ಎಣಿಸಿದಳು. ಕುರ್ಚಿ ಒಂದೇ ಮಟ್ಟದಲ್ಲಿ ಮೇಲೆದ್ದಿತು. ಗುರುಸಿದ್ದ ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಸುತ್ತ ಸುಳಿದಾಡಿದ.

"ನೀವು ಮುಂದ ನಡೀರಿ" ಎಂದಳು ಮಾದೇವಿ ಎತ್ತರದಿಂದ.

ಅವನು ಬರಿಗೈಯಲ್ಲಿ ಮುಂದೆ ನಡೆದ.

ಒದ್ದೆ ಉಸುಕು ಗಟ್ಟಿಯಾಗಿತ್ತು. ಅಲ್ಲಿ ಇಳಿಸಿದ ಮೇಲೆ ಕುರ್ಚಿ ಶಾಲೆಯ ಇಳಿಜಾರಿನಲ್ಲಿ ಉರುಳುವಂತೆ ತಾನೇ ಉರುಳಿತು. ಮಾದೇವಿ ತನ್ನ ಕೈಯಿಂದಲೇ ಗಾಲಿ ತಿರುಗಿಸಿಕೊಂಡು ನೀರಿನತ್ತ ಹೊರಟಳು. ಗುರುಸಿದ್ದ ಹಿಂದಿನಿಂದ ಓಡಿದ. "ಸಾಕು, ಸಾಕು, ಅಲ್ಲೇ ನಿಲ್ಲು" ಎನ್ನುವುದರೊಳಗೆ ಒಂದು ತೆರೆ ಬಂದು ಗಾಲಿಗಳನ್ನು ತೋಯಿಸಿತು. ಹಿಂದೆ ಸರಿಯುವಾಗ ಗಾಲಿಯ ಬುಡದ ಉಸುಕನ್ನೂ ಎಳೆದುಕೊಂಡು ಹೋಯಿತು. ಕುರ್ಚಿ ಒಂದು ಬದಿಗೆ ವಾಲಿತು. ಗುರುಸಿದ್ದ ಹಿಡಿಕೆಗೆ ಜೋತುಬಿದ್ದ. ಅವನ ಕಾಲ ಕೆಳಗಿನ ಉಸುಕೂ ಜಾರಿತು. ಅಷ್ಟರಲ್ಲಿ ಎರಡನೆಯ ತೆರೆ.

ಇಷ್ಟು ದಿನ ಯಾವುದಕ್ಕೆ ಅಂಜಿದ್ದನೋ ಅದೇ ಆಯಿತು. ಕುರ್ಚಿ ಮಗ್ಗುಲಾಯಿತು, ಮಾದೇವಿ ನೀರಿಗೆ ಬಿದ್ದಳು, ಅವನು ಆಕೆಯ ಪಕ್ಕದಲ್ಲೇ ಮೊಣಕಾಲ ಮೇಲೆ ಬಿದ್ದ.

ಅವನಿಗೆ ಕಿವಿಯಲ್ಲಿ ಗುಂಯ್ ಎಂದಿತು. ಆಕೆಯ ತಲೆ ಎಲ್ಲಿ, ಚೀಲ ಎಲ್ಲಿ, ಬೆನ್ನಿಗೆ ಏಟಾಯಿತೆ? ಎರಡೂ ಕೈಯಿಂದ ಬಾಚಿ ಆಕೆಯ ಬೆನ್ನು ಎತ್ತಿ ಕೂಡಿಸಿ ತನ್ನ ಎದೆಗೆ ಒರಗಿಸಿಕೊಂಡ. ಮಾದೇವಿ ಕೆಮ್ಮಿದಳು, ಉಗುಳಿದಳು, ಮುಖದ ಮೇಲಿನ ಕೂದಲು ಸರಿಸಿದಳು.

"ಉಪ್ಪು!" ಎಂದಳು. "ಖರೇನ ಉಪ್ಪು ಐತಲ್ರಿ!"

ದೂರದಿಂದ ಅಮಸಿದ್ದಪ್ಪ ಪ್ಯಾಂಟು ಏರಿಸಿಕೊಳ್ಳುತ್ತ ಓಡಿ ಬರುತ್ತಿದ್ದ. ಮೀನುಗಾರರೂ ಎದ್ದಿದ್ದರು. ಮಾದೇವಿ ಅವರತ್ತ ಕೈ ಎತ್ತಿ ತಡೆದಳು. "ಸ್ವಲ್ಪ ಹೊತ್ತು ಬಿಡ್ರಿ. ಕುಂತೇನಿ."

ತೆರೆ ಬಂತು, ಸೊಂಟದತನಕ ಏರಿತು, ಇಳಿಯಿತು. ಆಕೆ ಮುಂದೆ ಚಾಚಿಕೊಂಡಿದ್ದ ತನ್ನ ಕಾಲುಗಳನ್ನೇ ನೋಡುತ್ತಿದ್ದಳು. ಏಣಿ ಜಾರಿದ ದಿನದಿಂದ ಇಟ್ಟಲ್ಲೇ ಇರುತ್ತಿದ್ದ ಕಾಲುಗಳು ಅವು. ನೀರು ಬಂದಾಗ ಈ ಕಡೆ, ಹೋದಾಗ ಆ ಕಡೆ, ತೊಟ್ಟಿಲಲ್ಲಿ ಮಲಗಿದ ಕೂಸಿನ ಕಾಲಿನಂತೆ ಮೆಲ್ಲಗೆ ಆಡುತ್ತಿದ್ದವು.

"ನೋಡ್ರಿ" ಎಂದಳು ಮಾದೇವಿ. "ಆಡಾಕತ್ತಾವು."

ನೀರಿನಿಂದ ಆಡುತ್ತಿವೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಯಾರೂ ಅದನ್ನು ಹೇಳಲಿಲ್ಲ. ಆಕೆಯ ಬೆನ್ನು ತನ್ನ ಎದೆಗೆ ಒರಗಿದ್ದಂತೆಯೇ ಗುರುಸಿದ್ದ ಸುಮ್ಮನೆ ಕೂತ.

ಕೋಣೆಗೆ ಮರಳಿ ಸಿಹಿನೀರಿನಿಂದ ಮೈ ತೊಳೆಯುವಾಗ ಅವನಿಗೆ ಆಕೆಯ ಹಿಮ್ಮಡಿಯಲ್ಲಿ ರಕ್ತ ಕಂಡಿತು. ಚಿಪ್ಪು ಕೊಯ್ದಿತ್ತು. ಆಕೆಗೆ ಗೊತ್ತೇ ಆಗಿರಲಿಲ್ಲ. ಸಣ್ಣ ಗಾಯವೇ, ಆದರೆ ಅರಿವಿಲ್ಲದ ಕಾಲಿನ ಸಣ್ಣ ಗಾಯ ಎಷ್ಟು ದೊಡ್ಡದಾಗಬಲ್ಲದೆಂದು ಅವನಿಗೆ ಗೊತ್ತಿತ್ತು. ಅಮಸಿದ್ದಪ್ಪನನ್ನು ಕರೆದುಕೊಂಡು ಪೇಟೆಗೆ ಹೋಗಿ ಡಾಕ್ಟರನ್ನೇ ಗಾಡಿಯಲ್ಲಿ ಕೂಡಿಸಿಕೊಂಡು ಬಂದ. ಡಾಕ್ಟರು ತೊಳೆದು, ಮದ್ದು ಹಚ್ಚಿ, ಪಟ್ಟಿ ಕಟ್ಟಿ, "ನೀರು ತಾಗಿಸಬೇಡಿ, ದಿನಾ ನೋಡ್ತಾ ಇರಿ" ಎಂದರು. ನೋಡುವುದನ್ನು ಗುರುಸಿದ್ದನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಂಜೆಯೊಳಗೆ ಅದೆಷ್ಟು ಸಲ ಪಟ್ಟಿಯ ಅಂಚು ನೋಡಿದನೋ.

"ನಾಳೆ ಊರಿಗೆ ಹೋಗೂಣು" ಎಂದ.

"ನಾಡಿದ್ದು" ಎಂದಳು ಮಾದೇವಿ. "ರೂಮ್ ನಾಡಿದ್ದಿನತನಕ ಹಿಡದೇನಿ."

"ನೀರಿಗೆ ಇಳಿಯಂಗಿಲ್ಲ ಅಂದಾರ ಡಾಕ್ಟರು."

"ನನಗಂದಾರ. ನಿಮಗ ಅಂದಿಲ್ಲಲ್ಲ?"

ಮರುದಿನ ಸಿಮೆಂಟು ರಸ್ತೆಯ ತುದಿಯಲ್ಲಿ, ಗಾಳಿಮರದ ನೆರಳಲ್ಲಿ ಮಾದೇವಿಯ ಕುರ್ಚಿ ನಿಂತಿತು. ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲೆ ಇಟ್ಟಿದ್ದರು. ಅಮಸಿದ್ದಪ್ಪ ಪಕ್ಕದಲ್ಲಿ ಎಳನೀರು ಹಿಡಿದು ಕೂತಿದ್ದ. ಗುರುಸಿದ್ದ ಒಲ್ಲೆ ಒಲ್ಲೆ ಎನ್ನುತ್ತಲೇ ಚಪ್ಪಲಿ ಬಿಟ್ಟು, ಪಾಯಜಾಮ ಮಡಚಿಕೊಂಡು, ಒಬ್ಬನೇ ಉಸುಕು ದಾಟಿ ನಡೆದ. ಈಜು ಬಾರದವನು. ನೀರು ಪಾದಕ್ಕೆ ತಾಗಿದ ಕೂಡಲೇ ನಿಂತ.

"ಇನ್ನೂ ಮುಂದ!" ಹಿಂದಿನಿಂದ ಮಾದೇವಿಯ ದನಿ ಬಂತು.

ಅವನು ಮುಂದೆ ಹೋದ. ಮೀನಗಂಡದತನಕ ನೀರು. ಕಾಲ ಕೆಳಗಿನ ಉಸುಕು ಜಾರಿ ಹೋಗುವುದು, ಮತ್ತೆ ಬಂದು ತುಂಬುವುದು. ಹಿಂತಿರುಗಿ ನೋಡಿದ. ಕುರ್ಚಿ ರಸ್ತೆಯಿಂದ ಉಸುಕಿಗೆ ಇಳಿಯುವ ಕಡೆ ಮುಖಮಾಡಿ ನಿಂತಂತೆ ಕಂಡಿತು.

"ಅಮಸಿದ್ದಾ! ಬ್ರೇಕ್ ಹಾಕೀದಿಲ್ಲೋ?"

"ಹಾಕೇನಿ!"

"ಎರಡೂ ಗಾಲಿಗೆ?"

"ಎರಡಕ್ಕೂ ಹಾಕೇನೋ ಮಾರಾಯಾ!"

ಮಾದೇವಿ ಕೈ ಬೀಸಿ ಆ ಕಡೆ ತಿರುಗು ಎಂದು ಸನ್ನೆ ಮಾಡಿದಳು. ಗುರುಸಿದ್ದ ತಿರುಗಿದ. ಮೊದಲ ಸಲ ತಲೆ ಎತ್ತಿ ಎದುರಿಗೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಮೊಣಕಾಲಿಗೆ ತೆರೆ ಬಡಿದಾಗ ಪಾಯಜಾಮದ ಅಂಚು ಹಿಡಿದುಕೊಂಡು, ಬ್ರೇಕಿನ ಮಾತು ಇನ್ನೊಮ್ಮೆ ಕೇಳಲು ಕತ್ತು ಹೊರಳಿಸಿದ.